ತೂಕದ ಕಲ್ಲನ್ನು ಮೊದಲು ತೂಗಿ

ನಮಸ್ಕಾರ ಕೇಳುಗರೇ.

ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಒಂದು ಮಾತಿತ್ತು, ನೆನಪಿದೆಯಾ? ಸಿಟಿ ವ್ಯಾಲ್ಯೂ. ‘ನಮ್ಮ ಭಾವನಿಗೆ 18 ಅಂತೆ, ಎದುರು ಮನೆಯವರಿಗೆ 30 ಅಂತೆ’ ಅಂತ ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಆ ಲೆಕ್ಕ ಕೊಡುತ್ತಿದ್ದ ಪಿಸಿಆರ್ ಯಂತ್ರದ ಮುಂದೆಯೇ ನನ್ನ ಅರ್ಧ ಆಯಸ್ಸು ಕಳೆದಿದೆ. ನಾನು ಹುಡುಕುವುದು ವೈರಸ್ ಅಲ್ಲ. ಹೃದಯಕ್ಕೋ ಮೆದುಳಿಗೋ ರಕ್ತ ಒಯ್ಯುವ ನಾಳದಲ್ಲಿ ಬ್ಲಾಕ್ ಆಗುತ್ತದಲ್ಲ, ಅಲ್ಲಿ ಯಾವ ಜೀನ್ ಜೋರಾಗಿ ಕೆಲಸ ಮಾಡುತ್ತಿದೆ, ಯಾವುದು ತೆಪ್ಪಗಿದೆ ಅಂತ ನೋಡುವುದು ನನ್ನ ಕೆಲಸ.

ಇವತ್ತು ನಾನು ಹೇಳಬೇಕಾಗಿರುವುದು ಒಂದೇ ಮಾತು. ತೂಗುವ ಮೊದಲು ತೂಕದ ಕಲ್ಲನ್ನು ತೂಗಿ. ಎಂಎಸ್ಸಿ, ಪಿಎಚ್‌ಡಿ ಮಾಡುತ್ತಿರುವ ಮಕ್ಕಳು ಕೇಳುತ್ತಿದ್ದರೆ ರೇಡಿಯೊ ಸ್ವಲ್ಪ ಜೋರು ಮಾಡಿಕೊಳ್ಳಿ. ಉಳಿದವರೂ ಎದ್ದು ಹೋಗಬೇಡಿ, ಮುಂದೆ ಕಿರಾಣಿ ಅಂಗಡಿ ಕಥೆ ಇದೆ.

ಒಂದು ಜೀನ್ ಕೆಲಸ ಮಾಡುವಾಗ ಆರ್‌ಎನ್‌ಎ ಅನ್ನುವ ಚೀಟಿಗಳನ್ನು ಬರೆಯುತ್ತದೆ. ಕೆಲಸ ಜಾಸ್ತಿ ಇದ್ದರೆ ಚೀಟಿ ಜಾಸ್ತಿ. ನಾವು ಆ ಚೀಟಿಗಳನ್ನು ಡಿಎನ್‌ಎ ಆಗಿ ಬದಲಿಸಿ ಯಂತ್ರಕ್ಕೆ ಕೊಡುತ್ತೇವೆ. ಯಂತ್ರ ಸುತ್ತು ಸುತ್ತಿಗೂ ಅದನ್ನು ಎರಡರಷ್ಟು ಮಾಡುತ್ತಾ ಹೋಗುತ್ತದೆ. ಎಷ್ಟನೇ ಸುತ್ತಿಗೆ ಕಣ್ಣಿಗೆ ಬಿತ್ತು ಅನ್ನುವುದೇ ಸಿಟಿ. ಬೇಗ ಕಂಡರೆ ಮೊದಲೇ ಜಾಸ್ತಿ ಇತ್ತು ಅಂತ. ಒಂದು ಸುತ್ತಿನ ವ್ಯತ್ಯಾಸ ಅಂದರೆ 2 ಪಟ್ಟು, ಎರಡು ಸುತ್ತು ಅಂದರೆ 4 ಪಟ್ಟು, ಹತ್ತು ಸುತ್ತು ಅಂದರೆ ಸಾವಿರ ಪಟ್ಟು ದಾಟುತ್ತದೆ.

ಆದರೆ ನನಗೆ ಸಿಗುವ ನಾಳದ ಒಂದು ತುಂಡು ಕಡಲೆಕಾಯಿಯಷ್ಟಿದ್ದರೆ ಇನ್ನೊಂದು ಎಳ್ಳಿನಷ್ಟು. ಒಂದರಲ್ಲಿ ಆರ್‌ಎನ್‌ಎ ಚೆನ್ನಾಗಿ ಬರುತ್ತದೆ, ಇನ್ನೊಂದು ಸುಣ್ಣ ಕಟ್ಟಿ ಗಟ್ಟಿಯಾಗಿರುತ್ತದೆ. ಹೋಲಿಸುವುದು ಹೇಗೆ? ಅದಕ್ಕೇ ಕದಲದ ಒಂದು ಜೀನ್ ಬೇಕು. ತಕ್ಕಡಿಯ ಒಂದು ತಟ್ಟೆಯಲ್ಲಿ ನಮ್ಮ ಜೀನ್, ಇನ್ನೊಂದರಲ್ಲಿ ಈ ತೂಕದ ಕಲ್ಲು. ಇದನ್ನೇ ರೆಫರೆನ್ಸ್ ಜೀನ್ ಅನ್ನುತ್ತೇವೆ. ಹಿಂದೆ ಹೌಸ್‌ಕೀಪಿಂಗ್ ಜೀನ್ ಅನ್ನುತ್ತಿದ್ದರು. ಜೀವಕೋಶದ ಮನೆವಾರ್ತೆ ನೋಡಿಕೊಳ್ಳುವ ಜೀನ್, ಯಾವಾಗಲೂ ಒಂದೇ ಸಮ ಇರುತ್ತದೆ ಅನ್ನುವ ನಂಬಿಕೆ. ಮನೆಯಲ್ಲಿ ಕಾಯಿಲೆ ಬಿದ್ದಾಗ ಮನೆವಾರ್ತೆ ಎಂದಾದರೂ ಒಂದೇ ಸಮ ಇರುತ್ತದಾ? ನೀವೇ ಹೇಳಿ.

ಈಗ ನನ್ನ ಕಥೆ. ಪಿಎಚ್‌ಡಿ ಮಾಡುತ್ತಿದ್ದೆ. ಕಾಯಿಲೆಯ ತುಂಡುಗಳು ಕತ್ತಿನ ರಕ್ತನಾಳದ ಆಪರೇಷನ್‌ನಿಂದ ಬರುತ್ತಿದ್ದವು. ಅಲ್ಲಿ ಕಟ್ಟಿಕೊಂಡ ಕೊಬ್ಬಿನ ಗಡ್ಡೆಯನ್ನು ಸರ್ಜನ್ ಬಿಡಿಸಿ ತೆಗೆಯುತ್ತಾರೆ. ಆರೋಗ್ಯವಂತ ನಾಳ ಸಿಗುವುದೇ ಕಷ್ಟ, ಯಾರು ಕೊಡುತ್ತಾರೆ? ಬೈಪಾಸ್ ಮಾಡುವಾಗ ಎದೆಯೊಳಗಿನ ಒಂದು ನಾಳವನ್ನು ಬಳಸುತ್ತಾರೆ. ಅದಕ್ಕೆ ಬ್ಲಾಕ್ ಬರುವುದು ತೀರಾ ಕಮ್ಮಿ. ಅದರ ಮಿಕ್ಕ ತುದಿಗಾಗಿ ನಾನು ಆಪರೇಷನ್ ಥಿಯೇಟರ್ ಬಾಗಿಲಲ್ಲಿ, ತುಂಡು ಕೆಡದಂತೆ ಹೆಪ್ಪುಗಟ್ಟಿಸುವ ನೈಟ್ರೋಜನ್ ಡಬ್ಬಿ ಹಿಡಿದು ಗಂಟೆಗಟ್ಟಲೆ ನಿಲ್ಲುತ್ತಿದ್ದೆ. ಕಾವಲುಗಾರರು ಹಾಲಿನ ಕ್ಯಾನ್ ಅಂದುಕೊಂಡಿದ್ದರು.

ಎಂಟು ತಿಂಗಳು ಹೀಗೆ ದುಡಿದ ಮೇಲೆ ಫಲ ಸಿಕ್ಕಿತು. ನಾನು ಹಿಡಿದಿದ್ದ ಜೀನ್ ಕಾಯಿಲೆಯ ನಾಳದಲ್ಲಿ 4 ಪಟ್ಟು ಜಾಸ್ತಿ! ಲ್ಯಾಬಿಗೆಲ್ಲ ಪೇಡಾ ಹಂಚಿದೆ. ಸಮ್ಮೇಳನಕ್ಕೆ ಪೋಸ್ಟರ್ ಪ್ರಿಂಟ್ ಹಾಕಿಸಿದೆ. ಅಮ್ಮನಿಗೆ ಫೋನ್ ಮಾಡಿದೆ. ಅವರಿಗೆ ಜೀನ್ ಅಂದರೆ ಪ್ಯಾಂಟು, ಆದರೂ ಖುಷಿಪಟ್ಟರು.

ನಮ್ಮ ಲ್ಯಾಬಿನಲ್ಲಿ ಹಿರಿಯ ಟೆಕ್ನಿಷಿಯನ್ ಒಬ್ಬರಿದ್ದರು. ಎಲ್ಲರೂ ಅಣ್ಣ ಅನ್ನುತ್ತಿದ್ದೆವು. ಪಿಯುಸಿವರೆಗೆ ಓದಿದ್ದರು. ಯಂತ್ರಕ್ಕೆ ಕೊಡುವ ಪ್ಲೇಟಿಗೆ ಸ್ಯಾಂಪಲ್ ಹಾಕುವುದರಲ್ಲಿ ಅವರ ಕೈಯಂಥ ಕೈ ನಾನು ಮತ್ತೆ ನೋಡಿಲ್ಲ. ಅವರು ಒಂದು ಸಂಜೆ ನನ್ನ ಹಾಳೆ ನೋಡಿ ಕೇಳಿದರು, ‘ಅಮ್ಮಾ, ಈ ಗ್ಯಾಪ್‌ಡಿಎಚ್ ಕಾಯಿಲೆ ಸ್ಯಾಂಪಲ್‌ನಲ್ಲಿ ಯಾವಾಗಲೂ ಎರಡು ಸುತ್ತು ತಡವಾಗಿ ಬರುತ್ತಲ್ಲ, ಯಾಕೆ?’

ಗ್ಯಾಪ್‌ಡಿಎಚ್ ಅಂದರೆ ನನ್ನ ತೂಕದ ಕಲ್ಲು. ಸಕ್ಕರೆ ಒಡೆಯುವ ಕೆಲಸದ ಜೀನ್. ಲೋಕವೆಲ್ಲ ಅದನ್ನೇ ಬಳಸುತ್ತದೆ. ನಾನು ಓದಿದವಳಲ್ಲವಾ, ‘ಅಣ್ಣ, ಅದು ರೆಫರೆನ್ಸು, ಅದನ್ನು ನೋಡಬಾರದು’ ಅಂದೆ.

ಅವರು ನಗಲಿಲ್ಲ. ‘ನಮ್ಮಪ್ಪನ ಕಿರಾಣಿ ಅಂಗಡಿಯಲ್ಲಿ ಒಂದು ಕೇಜಿ ಕಲ್ಲಿತ್ತಮ್ಮಾ. ಅದರಲ್ಲಿ ತೂಗಿದರೆ ಬೆಲ್ಲ ಯಾವಾಗಲೂ ಜಾಸ್ತಿಯೇ ಬರೋದು. ಅಪ್ಪನಿಗೆ ಖುಷಿ. ಒಂದಿನ ತೂಕ ಅಳತೆ ಇಲಾಖೆಯವರು ಬಂದು ಕಲ್ಲನ್ನೇ ತೂಗಿದರು. ಬೆಲ್ಲ ಜಾಸ್ತಿ ಆಗಿರಲಿಲ್ಲ, ಕಲ್ಲು ಸವೆದಿತ್ತು. ದಂಡ ಕಟ್ಟಿದ್ವಿ.’

ರಾತ್ರಿ ನಿದ್ದೆ ಬರಲಿಲ್ಲ. ಹಾಳೆ ತೆಗೆದು ನೋಡಿದರೆ ನನ್ನ ಜೀನ್‌ನ ಸಿಟಿ ಎರಡೂ ಕಡೆ 26, 26. ಅಲುಗಾಡಿಯೇ ಇಲ್ಲ. ಗ್ಯಾಪ್‌ಡಿಎಚ್ ಮಾತ್ರ ಒಳ್ಳೆಯ ನಾಳದಲ್ಲಿ 18, ಕಾಯಿಲೆಯ ನಾಳದಲ್ಲಿ 20. ಆರ್‌ಎನ್‌ಎ ಹಾಳಾಗಿರಬಹುದಾ ಅಂತ ಬೇರೆ ರೆಫರೆನ್ಸ್ ಜೀನ್‌ಗಳನ್ನೂ ಹಾಕಿ ನೋಡಿದೆ. ನಾಲ್ಕೈದು ಕದಲದೆ ಕೂತಿದ್ದವು. ನನ್ನ ಆ 4 ಪಟ್ಟು ಬಂದದ್ದೆಲ್ಲ ಸವೆದ ಕಲ್ಲಿನಿಂದ. ಪೋಸ್ಟರ್ ಸುತ್ತಿ ಬೀರುವಿನ ಮೇಲಿಟ್ಟೆ. ಪೇಡಾ ವಾಪಸ್ ಕೇಳುವ ಹಾಗಿರಲಿಲ್ಲ.

ಕಲ್ಲು ಯಾಕೆ ಸವೆಯಿತು? ಒಳ್ಳೆಯ ನಾಳದ ಗೋಡೆ ಹೆಚ್ಚಾಗಿ ಸ್ನಾಯು. ಬ್ಲಾಕ್ ಆದ ಕಡೆ ಸ್ನಾಯು ಕಮ್ಮಿಯಾಗಿ, ಕೊಬ್ಬು ನುಂಗಿ ಉಬ್ಬಿದ ಬಿಳಿ ರಕ್ತಕಣಗಳು, ಸತ್ತ ಕೋಶಗಳು, ಸುಣ್ಣ ತುಂಬಿಕೊಳ್ಳುತ್ತವೆ. ಅದು ಅದೇ ಅಂಗಡಿಯೇ ಅಲ್ಲ! ನನ್ನ ತುಂಡುಗಳಲ್ಲಿ ಗ್ಯಾಪ್‌ಡಿಎಚ್ ಇಳಿದಿತ್ತು. ಆಮ್ಲಜನಕ ಸಾಲದ ಕಡೆ ಕೋಶ ಸಕ್ಕರೆ ಒಡೆಯುವುದನ್ನು ಜೋರು ಮಾಡುವುದರಿಂದ ಇನ್ನೊಬ್ಬರ ತುಂಡಿನಲ್ಲಿ ಅದೇ ಏರಬಹುದು. ಬೀಟಾ ಆಕ್ಟಿನ್ ಬಳಸುತ್ತೇನೆ ಅನ್ನುತ್ತೀರಾ? ಅದು ಕೋಶದ ಅಸ್ಥಿಪಂಜರ. ಸ್ನಾಯುಕೋಶ ಹಿಗ್ಗಿ ಕುಗ್ಗುವ ಕೆಲಸ ಬಿಟ್ಟು ಹರಿದಾಡಲು ಶುರು ಮಾಡಿದ ಕೂಡಲೇ ಅದೂ ಬದಲಾಗುತ್ತದೆ. ಬಿ2ಎಂ? ಅದು ರೋಗನಿರೋಧಕದ ಕಡೆಯದ್ದು, ಉರಿಯೂತ ಬಂದರೆ ಏರುತ್ತದೆ. ಬ್ಲಾಕ್ ಅಂದರೆ ಉರಿಯೂತವೇ ಸ್ವಾಮಿ! 18ಎಸ್ ಅನ್ನುವ ಆರ್‌ಎನ್‌ಎ ಅಂತೂ ಕೋಶದಲ್ಲಿ ಅಷ್ಟೊಂದು ಇರುತ್ತದೆ, ಅದರ ಮುಂದೆ ನಮ್ಮ ಜೀನ್ ತೂಗುವುದು ಲಾರಿ ತೂಗುವ ಕಾಟಾದಲ್ಲಿ ಬಂಗಾರ ತೂಗಿದ ಹಾಗೆ.

ಕಥೆಯಲ್ಲೇ ಸಮಯ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಒಂದೇ ಕಲ್ಲು ಸಾಲದು, ಮೂರಾದರೂ ಇರಲಿ. 2002ರಲ್ಲಿ ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು ಈ ಕಲ್ಲುಗಳನ್ನು ತೂಗಲು ಜೀನಾರ್ಮ್ ಅನ್ನುವ ವಿಧಾನ ಕೊಟ್ಟರು. ಎರಡು ಕಲ್ಲು ಒಳ್ಳೆಯವಾದರೆ ಅವುಗಳ ನಡುವಿನ ಅನುಪಾತ ಯಾವ ಸ್ಯಾಂಪಲ್‌ನಲ್ಲೂ ಬದಲಾಗಬಾರದು, ಅಷ್ಟೇ ಅದರ ಉಪಾಯ. ಹೊಂದದ ಜೀನನ್ನು ಒಂದೊಂದಾಗಿ ಹೊರಗೆ ಹಾಕುತ್ತಾ ಬರುತ್ತದೆ. 2004ರಲ್ಲಿ ನಾರ್ಮ್‌ಫೈಂಡರ್ ಬಂತು. ಅದು ಕಾಯಿಲೆಯ ಗುಂಪು, ಆರೋಗ್ಯದ ಗುಂಪು ಬೇರೆ ಮಾಡಿಯೂ ನೋಡುತ್ತದೆ. ಪರೀಕ್ಷಿಸದ ಒಂದೇ ಜೀನ್ ನಂಬಬೇಡಿ ಅಂತ ಪಿಸಿಆರ್ ಪ್ರಯೋಗಗಳಿಗಾಗಿ ಮಾಡಿದ 2009ರ ಎಂಐಕ್ಯೂಇ ನಿಯಮಗಳಲ್ಲೂ ಇದೆ. ಇಷ್ಟಾದರೂ ಇವತ್ತಿಗೂ ನನ್ನ ಹತ್ತಿರ ಬರುವ ಹುಡುಗರು ‘ಎಲ್ಲರೂ ಗ್ಯಾಪ್‌ಡಿಎಚ್ ಹಾಕುತ್ತಾರೆ ಮೇಡಂ’ ಅನ್ನುತ್ತಾರೆ. ಎಲ್ಲರೂ ಹಾಕಲಿ! ನಿಮ್ಮ ತುಂಡಿನಲ್ಲಿ ತೂಗಿ ನೋಡಿದಿರಾ?

‘ಹಾಗಾದರೆ ಒಳ್ಳೆಯ ಜೀನ್ ಯಾವುದು, ಹೆಸರು ಹೇಳಿಬಿಡಿ’ ಅಂತಲೂ ಕೇಳುತ್ತಾರೆ. ಹೆಸರು ಹೇಳಿದರೆ ನಾಳೆಯಿಂದ ಅದನ್ನೂ ತೂಗದೆ ಬಳಸುತ್ತೀರಿ. ಶುರು ಮಾಡಲು ಕೆಲವು ಕೊಡುತ್ತೇನೆ, ಬರೆದುಕೊಳ್ಳಿ: ಟಿಬಿಪಿ, ಎಚ್‌ಪಿಆರ್‌ಟಿ1, ಆರ್‌ಪಿಎಲ್‌ಪಿ0, ವೈಡಬ್ಲ್ಯೂಎಚ್‌ಎಝಡ್, ಪಿಪಿಐಎ. ಬೇರೆ ಬೇರೆ ಕೆಲಸದವು ಇರಲಿ, ಒಂದೇ ಮನೆಯವರು ಒಟ್ಟಿಗೆ ಏರಿ ಒಟ್ಟಿಗೆ ಇಳಿದು ಕಣ್ಣಿಗೆ ಮಣ್ಣೆರಚುತ್ತಾರೆ. ಒಳ್ಳೆಯ ನಾಳ, ಕೆಟ್ಟ ನಾಳ ಎರಡರಿಂದಲೂ ಸ್ಯಾಂಪಲ್ ತೆಗೆದು ಒಂದೇ ಪ್ಲೇಟಿನಲ್ಲಿ ಹಾಕಿ ನೋಡಿ. ಎರಡು ದಿನದ ಕೆಲಸ. ನನಗೆ ಎಂಟು ತಿಂಗಳು ಹಿಡಿಯಿತು.

ನಮಸ್ಕಾರ.