ಪಕ್ಕದ ಶಾಲೆ ದೊಡ್ಡದಾಗುತ್ತಿದೆ: ಸಿಟಿ ಕೊಟ್ಟ ಪರ್ಮಿಟ್ ಪ್ರಶ್ನಿಸುವುದು ಹೇಗೆ?

[ತೆರೆಯ ಮೇಲೆ: ಶಾಲೆಯ ಗೇಟಿನ ಬಳಿ ಹಾಕಿರುವ ಹಿಯರಿಂಗ್ ನೋಟಿಸ್]

ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ಮನೆಗಳ ನಡುವೆ ಒಂದು ಖಾಸಗಿ ಶಾಲೆ ಇದೆ ಅಂದುಕೊಳ್ಳಿ. ಹೊಸ ಕಟ್ಟಡ ಕಟ್ಟಿ, ಇನ್ನಷ್ಟು ಮಕ್ಕಳನ್ನು ಸೇರಿಸಿಕೊಳ್ಳಲು ಸಿಟಿ ಅದಕ್ಕೆ ಪರ್ಮಿಟ್ ಕೊಟ್ಟಿದೆ. ಅಕ್ಕಪಕ್ಕದವರಿಗೆ ಇದು ಸರಿ ಕಾಣುತ್ತಿಲ್ಲ. ಕೋರ್ಟಿಗೆ ಹೋಗಬಹುದಾ? ಹೋಗಬಹುದು. ಆದರೆ ಅಲ್ಲಿ ನಿಮ್ಮ ಕೇಸ್ ನಿಲ್ಲುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಸಿಟಿಯ ಹಿಯರಿಂಗ್‌ನಲ್ಲೇ, ಅಂದರೆ ಪರ್ಮಿಟ್ ಕೊಡುವ ಮುಂಚೆ ಜನರ ಮಾತು ಕೇಳುವ ಸಭೆಯಲ್ಲೇ, ತೀರ್ಮಾನವಾಗಿರುತ್ತದೆ. ತುಂಬಾ ಜನಕ್ಕೆ ಇದು ತಡವಾಗಿ ಗೊತ್ತಾಗುತ್ತದೆ. ಅದಕ್ಕೇ ಈ ವಿಡಿಯೋ.

ಮೊದಲು ಶಾಲೆ ಯಾರದ್ದು ನೋಡಿ. ಸರ್ಕಾರಿ ಶಾಲೆಯಾದರೆ ದಾರಿಯೇ ಬೇರೆ. ಅದರ ಬೋರ್ಡ್ ಮೂರನೇ ಎರಡರಷ್ಟು ಮತದಿಂದ, ತರಗತಿ ಕಟ್ಟಡಗಳ ಮಟ್ಟಿಗೆ ಸಿಟಿಯ ಝೋನಿಂಗ್ ನಿಯಮವನ್ನೇ (ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನುವ ನಿಯಮ) ಬದಿಗಿಡಬಹುದು. ಧಾರ್ಮಿಕ ಸಂಸ್ಥೆಯ ಶಾಲೆಯಾದರೆ 2000ರ ಒಂದು ಫೆಡರಲ್ ಕಾನೂನು ಅದರ ನೆರವಿಗೆ ಬರಬಹುದು. ಖಾಸಗಿ ಶಾಲೆಗಳಿಗೆ ವಸತಿ ಪ್ರದೇಶದಲ್ಲಿ ಸಾಮಾನ್ಯವಾಗಿ ಬೇಕಾಗುವುದು ಕಂಡಿಷನಲ್ ಯೂಸ್ ಪರ್ಮಿಟ್. ಷರತ್ತು ಹಾಕಿ ಕೊಡುವ ಅನುಮತಿ ಇದು.

ಹೆಚ್ಚಿನ ಕಡೆ ಇದು ಪ್ಲಾನಿಂಗ್ ಕಮಿಷನ್ ಮುಂದೆ ಬರುತ್ತದೆ. ಭೂಬಳಕೆ ಅರ್ಜಿಗಳನ್ನು ನೋಡುವ ಸಿಟಿಯ ಸಮಿತಿ ಇದು. ಅಲ್ಲಿ ಒಪ್ಪಿಗೆ ಸಿಕ್ಕರೆ ಸಿಟಿ ಕೌನ್ಸಿಲ್‌ಗೆ ಅಪೀಲು ಹಾಕಬೇಕು. ಗಡುವು ತುಂಬಾ ಕಡಿಮೆ. ಎಷ್ಟೋ ಊರುಗಳಲ್ಲಿ ಎರಡು ವಾರವೂ ಇರುವುದಿಲ್ಲ. ಈ ಮೆಟ್ಟಿಲು ಹತ್ತದೆ ಸೀದಾ ಕೋರ್ಟಿಗೆ ಹೋದರೆ, ಅದೊಂದೇ ಕಾರಣಕ್ಕೆ ಅರ್ಜಿ ವಜಾ ಆಗಬಹುದು.

[ತೆರೆಯ ಮೇಲೆ: ಎರಡು ಪತ್ರಗಳು, ಅಕ್ಕಪಕ್ಕ]

ಈಗ ಮುಖ್ಯ ವಿಷಯ. ಜಡ್ಜ್ ಎಲ್ಲವನ್ನೂ ಹೊಸದಾಗಿ ವಿಚಾರಣೆ ಮಾಡುವುದಿಲ್ಲ. ಸಿಟಿಯ ಮುಂದೆ ಬಂದ ಕಾಗದಪತ್ರಗಳನ್ನೇ ಓದುತ್ತಾರೆ. ಇದಕ್ಕೆ ರೆಕಾರ್ಡ್ ಅನ್ನುತ್ತಾರೆ. ಅಲ್ಲಿ ಯಾರೂ ಎತ್ತದ ತಕರಾರನ್ನು ಆಮೇಲೆ ಎತ್ತೋದು ಕಷ್ಟ. ಹೊಸ ಸಾಕ್ಷ್ಯಕ್ಕೂ ಸಾಮಾನ್ಯವಾಗಿ ಅವಕಾಶ ಇಲ್ಲ. ಹಾಗಾಗಿ ಹಿಯರಿಂಗ್‌ಗೆ ಮುಂಚೆ ಕೊಡುವ ಪತ್ರಕ್ಕೆ ತುಂಬಾ ಬೆಲೆ ಇದೆ.

ಎಡಗಡೆಯ ಪತ್ರ ನೋಡಿ: "ಈ ಶಾಲೆಯಿಂದ ನಮ್ಮ ಬೀದಿ ಹಾಳಾಗುತ್ತದೆ, ದಯವಿಟ್ಟು ತಡೆಯಿರಿ." ನೋವು ನಿಜ, ಆದರೆ ಇದರಿಂದ ಕೇಸ್ ನಿಲ್ಲುವುದಿಲ್ಲ. ಬಲಗಡೆಯದು ಹೀಗಿದೆ: "ಬೆಳಿಗ್ಗೆ ಮಕ್ಕಳನ್ನು ಇಳಿಸುವ ಕಾರುಗಳ ಸಾಲು ಗೇಟಿನೊಳಗೇ ಮುಗಿಯುತ್ತದೆ ಅಂತ ನಿಮ್ಮ ವರದಿ ಹೇಳುತ್ತದೆ. ಈ ಫೋಟೋಗಳಲ್ಲಿ ಸಾಲು ಮಕ್ಕಳು ರಸ್ತೆ ದಾಟುವ ಜಾಗದವರೆಗೂ ಬಂದಿದೆ. ದಿನಾಂಕ, ಸಮಯ ಹಾಕಿದ್ದೇವೆ." ಇದಕ್ಕೆ ಸಿಟಿ ಸರಿಯಾದ ಉತ್ತರ ಕೊಡದಿದ್ದರೆ ನಿಮ್ಮ ವಕೀಲರಿಗೆ ಹಿಡಿಯಲು ಏನಾದರೂ ಸಿಗುತ್ತದೆ.

ಸಿಟಿಯೂ ಸುಮ್ನೆ "ಒಪ್ಪಿದ್ದೇವೆ" ಅನ್ನುವ ಹಾಗಿಲ್ಲ. ಯಾವ ಸಾಕ್ಷ್ಯದಿಂದ ಯಾವ ತೀರ್ಮಾನಕ್ಕೆ ಬಂದೆವು ಅಂತ ಬರೆದು ತೋರಿಸಬೇಕು. 1974ರಲ್ಲಿ ಟೊಪಾಂಗಾ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಆ ಬರಹಕ್ಕೆ ಫೈಂಡಿಂಗ್ಸ್ ಅಂತ ಹೆಸರು. ಸಾಲು ಸಾಲಾಗಿ ಓದಿ. ನಿಜವಾದ ಲೋಪ ಸಿಗೋದು ಹೆಚ್ಚಾಗಿ ಅಲ್ಲೇ. ಆದರೆ ಸಾಕಷ್ಟು ಆಧಾರ ಇದ್ದರೆ ಜಡ್ಜ್ ಸಿಟಿಯ ಮಾತನ್ನೇ ಒಪ್ಪುತ್ತಾರೆ, ಅವರ ಸ್ವಂತ ಅಭಿಪ್ರಾಯ ಬೇರೆ ಇದ್ದರೂ.

ಇನ್ನೊಂದು ದಾರಿ ಸೀಕ್ವಾ (CEQA), ರಾಜ್ಯದ 1970ರ ಪರಿಸರ ಕಾನೂನು. ಒಪ್ಪಿಗೆ ಕೊಡುವ ಮುಂಚೆ ಪರಿಸರದ ಮೇಲಿನ ಪರಿಣಾಮ ನೋಡಬೇಕು ಅನ್ನುತ್ತದೆ ಇದು. ಶಾಲೆಗಳ ಸಣ್ಣ ವಿಸ್ತರಣೆಗೆ ಇದರಲ್ಲಿ ವಿನಾಯಿತಿ ಇದೆ. ಮೂಲ ಸಾಮರ್ಥ್ಯದ ಮೇಲೆ ಶೇ. 25 ಅಥವಾ 10 ತರಗತಿ, ಯಾವುದು ಕಡಿಮೆಯೋ ಅದನ್ನು ಮೀರಬಾರದು. ಸಿಟಿ ಈ ವಿನಾಯಿತಿ ಬಳಸಿದ್ದರೆ ಮೂಲ ಸಾಮರ್ಥ್ಯ ಅಂತ ಯಾವ ಸಂಖ್ಯೆ ಹಿಡಿದಿದೆ ನೋಡಿ. ಇನ್ನೊಂದು ಮಾತು: 2020ರ ಜುಲೈಯಿಂದ ಬರೀ ಟ್ರಾಫಿಕ್ ಜಾಮ್ ಆಗುವುದನ್ನು ಸೀಕ್ವಾ ಪರಿಸರ ಹಾನಿ ಅಂತ ಲೆಕ್ಕ ಹಾಕುವುದಿಲ್ಲ. ಜನ ಜಾಸ್ತಿ ಹೇಳೋದು ಅದನ್ನೇ ಅಲ್ವಾ? ಆ ವಾದವನ್ನು ಪರ್ಮಿಟ್‌ನ ಝೋನಿಂಗ್ ನಿಯಮದ ಕೆಳಗೆ ಎತ್ತಿ. ಸೀಕ್ವಾದಲ್ಲಿ ಶಬ್ದ, ರಸ್ತೆ ಸುರಕ್ಷತೆ ಹಿಡಿಯಿರಿ.

[ತೆರೆಯ ಮೇಲೆ: 90, 35, 30]

ಗಡುವುಗಳು. ಪರ್ಮಿಟ್ ವಿರುದ್ಧದ ಕೇಸ್ 90 ದಿನದೊಳಗೆ ಹಾಕಿ, ಸಿಟಿಗೆ ಪ್ರತಿಯನ್ನೂ ತಲುಪಿಸಿರಬೇಕು. ಸೀಕ್ವಾ ಕೇಸಿಗೆ, ಸಿಟಿ ಪರಿಸರ ಪರಿಶೀಲನೆ ಮಾಡಿ ಒಪ್ಪಿ, ತೀರ್ಮಾನದ ನೋಟಿಸ್ ದಾಖಲಿಸಿದ್ದರೆ 30 ದಿನ, ವಿನಾಯಿತಿಯ ನೋಟಿಸ್ ದಾಖಲಿಸಿದ್ದರೆ 35 ದಿನ. ಶಾಲೆಯನ್ನೂ ಕೇಸಿನಲ್ಲಿ ಹೆಸರಿಸಬೇಕು. ಅಪೀಲು ಹಾಕುವಾಗಲೇ ಭೂಬಳಕೆ ಕಾನೂನು ಗೊತ್ತಿರುವ ವಕೀಲರನ್ನು ಕಾಣಿ. ಕೇಸ್ ಹಾಕಿದ ಮಾತ್ರಕ್ಕೆ ಕಟ್ಟಡದ ಕೆಲಸ ನಿಲ್ಲುವುದಿಲ್ಲ. ಅದಕ್ಕೆ ಬೇರೆಯಾಗಿ ತಡೆಯಾಜ್ಞೆ ಕೇಳಬೇಕು.

ಗೆದ್ದರೆ? ಸಾಮಾನ್ಯವಾಗಿ ಪರ್ಮಿಟ್ ರದ್ದಾಗಿ ವಿಷಯ ಮತ್ತೆ ಸಿಟಿಗೇ ಹೋಗುತ್ತದೆ. ಅವರು ಲೋಪ ಸರಿಪಡಿಸಿ ಮತ್ತೆ ಕೊಡಬಹುದು. ಹಾಗಾಗಿ ನನ್ನ ಅಭಿಪ್ರಾಯ ಹೇಳುತ್ತೇನೆ. ಮಕ್ಕಳಿಗೂ ಒಳ್ಳೆಯ ತರಗತಿ ಬೇಕು, ಬೀದಿಯವರಿಗೂ ನೆಮ್ಮದಿ ಬೇಕು. ಬರೀ "ಬೇಡ" ಅನ್ನುವ ಬದಲು ಮೊದಲ ಹಿಯರಿಂಗ್‌ನಿಂದಲೇ ಷರತ್ತುಗಳನ್ನು ಕೇಳಿ: ಮಕ್ಕಳ ಸಂಖ್ಯೆಗೆ ಮಿತಿ, ಸಂಜೆಯ ಕಾರ್ಯಕ್ರಮಗಳಿಗೆ ಮಿತಿ, ಬೆಳಗಿನ ಕಾರುಗಳ ಎಣಿಕೆ. ಯಾರು ಎಣಿಸುತ್ತಾರೆ, ವರದಿ ಎಲ್ಲಿ ಸಿಗುತ್ತದೆ, ಮಿತಿ ಮೀರಿದರೆ ಸಿಟಿ ಏನು ಮಾಡುತ್ತದೆ ಅನ್ನೋದು ಪರ್ಮಿಟ್‌ನಲ್ಲೇ ಬರೆದಿರಲಿ.