ನೀರೆರೆಯಬಹುದೇ? ಹೊಲ್ಲೋಕೊದಲ್ಲಿ ಒಂದು ಈಸ್ಟರ್ ಸೋಮವಾರ

ನೀವು ಈಗ ನೋಡುತ್ತಿರುವ ದೃಶ್ಯಕ್ಕೆ ಮೂಲ ಧ್ವನಿಯಿಲ್ಲ. ಬಾವಿಯ ಬಳಿ ನಿಂತಿದ್ದ ನನ್ನ ಮೇಲೆ ಯಾರದೋ ಬಕೆಟ್ಟಿನ ಅರ್ಧ ನೀರು ಬಿದ್ದು, ಕ್ಯಾಮೆರಾ ಹೇಗೋ ಉಳಿದುಕೊಂಡಿತಾದರೂ ಮೈಕ್ ಅಲ್ಲಿಗೇ ಕೆಟ್ಟುಹೋಯಿತು. ಹಾಗಾಗಿ ದೃಶ್ಯದಲ್ಲಿ ನೀರೆರಚಿಸಿಕೊಳ್ಳುತ್ತಿರುವ ಹುಡುಗಿಯ ಚೀರಾಟವನ್ನೂ ಸುತ್ತ ನಿಂತವರ ನಗುವನ್ನೂ ನೀವು ನನ್ನ ಮಾತಿನಲ್ಲಿಯೇ ಕೇಳಿಸಿಕೊಳ್ಳಬೇಕು.

ಇದು ಹಂಗೆರಿಯ ನೋಗ್ರಾಡ್ ಜಿಲ್ಲೆಯ ಹೊಲ್ಲೋಕೊ ಎಂಬ ಹಳ್ಳಿ. ಬುಡಾಪೆಸ್ಟಿನಿಂದ ಈಶಾನ್ಯಕ್ಕೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ಚೆರ್ಹಾತ್ ಬೆಟ್ಟಗಳ ನಡುವೆ ಇದೆ. ನಾನು ಬುಡಾಪೆಸ್ಟಿಗೆ ಬಂದು ನೆಲೆಸಿದ ಮೇಲೆ ಪ್ರತಿವರ್ಷವೂ ಶುಭ ಶುಕ್ರವಾರದಿಂದ ಸೋಮವಾರದವರೆಗಿನ ನಾಲ್ಕು ದಿನಗಳ ರಜೆಯನ್ನು ನಿದ್ದೆಯಲ್ಲಿಯೇ ಕಳೆದಿದ್ದೆ. 2024ರಲ್ಲಿ ಮಾತ್ರ, ಏಪ್ರಿಲ್ 1ರ ಸೋಮವಾರ, ಹಿಂದಿನ ದಿನವಷ್ಟೇ ಬೇಸಿಗೆಯ ಸಮಯಕ್ಕಾಗಿ ಇಲ್ಲಿನ ಗಡಿಯಾರಗಳು ಒಂದು ಗಂಟೆ ಮುಂದಕ್ಕೆ ಹೋಗಿದ್ದುದನ್ನು ಶಪಿಸುತ್ತಲೇ ಎದ್ದು ಬಸ್ಸು ಹಿಡಿದೆ.

ಊರಿನ ಹಳೆಯ ಭಾಗ ಇಷ್ಟೇ: ಸುಣ್ಣ ಬಳಿದ ಗೋಡೆಗಳು, ಮರದ ಕಟಾಂಜನದ ಜಗಲಿಗಳು, ಕಲ್ಲು ಹಾಸಿದ ಇಳಿಜಾರು ಬೀದಿ, ಮರದ ಗೋಪುರದ ಪುಟ್ಟ ಚರ್ಚು, ಗುಡ್ಡದ ಮೇಲೊಂದು ಹಳೆಯ ಕೋಟೆ. ನೋಡಿದರೆ ನಾಲ್ಕೈದು ಶತಮಾನ ಹಳೆಯದೆನ್ನಿಸುವ ಈ ಮನೆಗಳು 1909ರ ಬೆಂಕಿ ಅನಾಹುತದ ನಂತರ ಹಳೆಯ ಮಾದರಿಯಲ್ಲಿಯೇ ಮತ್ತೆ ಎದ್ದವು. 1987ರಲ್ಲಿ ಯುನೆಸ್ಕೋ ಈ ಹಳ್ಳಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಇಲ್ಲಿನ ಹಬ್ಬಕ್ಕೆ ಪ್ರೇಕ್ಷಕರೂ ಇದ್ದಾರೆ, ಟಿಕೆಟ್ಟೂ ಇದೆ.

ಹಂಗೆರಿಯನ್ ಭಾಷೆಯಲ್ಲಿ ಈಸ್ಟರನ್ನು ‘ಹೂಶ್ವೇತ್’ ಎನ್ನುತ್ತಾರೆ. ‘ಮಾಂಸ ತೆಗೆದುಕೊಳ್ಳುವುದು’ ಎಂಬುದು ಆ ಪದದ ಮೂಲಾರ್ಥ. ಈಸ್ಟರಿಗೆ ಮುಂಚಿನ, ಮಾಂಸ ಬಿಡುವ ನಲವತ್ತು ದಿನಗಳ ವ್ರತ ಮುಗಿಯುವ ಸಂಭ್ರಮವನ್ನು ಇಷ್ಟು ನೇರವಾಗಿ ಹೇಳುವ ಹಬ್ಬದ ಹೆಸರನ್ನು ನಾನು ಬೇರೆಲ್ಲೂ ಕೇಳಿಲ್ಲ. ಭಾನುವಾರ ಕುಟುಂಬದವರು ಹಂದಿಯ ತೊಡೆಮಾಂಸ, ಮೊಟ್ಟೆ ಮತ್ತು ‘ಕಲಾಚ್’ ಎಂಬ ಹೆಣೆದ ಸಿಹಿ ಬ್ರೆಡ್ಡನ್ನು ಬುಟ್ಟಿಯಲ್ಲಿ ಚರ್ಚಿಗೆ ಒಯ್ದು, ಪಾದ್ರಿಯಿಂದ ಆಶೀರ್ವಾದ ಮಾಡಿಸಿಕೊಂಡು ಬಂದು ಉಣ್ಣುತ್ತಾರೆ. ಅದು ಮನೆಮಂದಿಯ ದಿನ. ಸೋಮವಾರ ನೀರಿನ ದಿನ.

ಅದರ ಹೆಸರು ‘ಲೊಚೊಲ್ಕೊದಾಶ್’, ಅಂದರೆ ನೀರೆರಚಾಟ. ಗಂಡಸರು ಹೆಂಗಸರ ಮೇಲೆ ನೀರು ಸುರಿಯುತ್ತಾರೆ, ಹೆಂಗಸರು ಅದಕ್ಕೆ ಪ್ರತಿಯಾಗಿ ಬಣ್ಣದ ಮೊಟ್ಟೆ ಕೊಡುತ್ತಾರೆ. ಹಾಗೆ ನೆನೆದ ಹುಡುಗಿ ವರ್ಷವಿಡೀ ಬಾಡದೆ ಆರೋಗ್ಯವಾಗಿರುತ್ತಾಳೆಂಬುದು ಹಿಂದಿನವರ ನಂಬಿಕೆ. ಓಕುಳಿ ಎಂದು ಕರೆಯಲು ನನ್ನ ನಾಲಿಗೆ ತುಡಿಯಿತಾದರೂ, ಓಕುಳಿಯಲ್ಲಿ ಎರಡೂ ಕಡೆಯವರು ಎರಚುತ್ತಾರಲ್ಲ. ಇಲ್ಲಿ ಬಕೆಟ್ಟು ಒಂದೇ ಕಡೆ ಇರುತ್ತದೆ. ನಗರಗಳಲ್ಲಿ ಈಗ ಬಾವಿಯ ನೀರಿನ ಬದಲು ಸುಗಂಧದ್ರವ್ಯದ ನಾಲ್ಕು ಹನಿ ಚಿಮುಕಿಸಿ, ಚಿಕ್ಕದೊಂದು ಪದ್ಯ ಹೇಳಿ ಮುಗಿಸುತ್ತಾರೆ. ಎಲ್ಲರಿಗೂ ಬಾಯಿಪಾಠವಾಗಿರುವ ಒಂದು ಪದ್ಯದ ಸಾರ ಹೀಗಿದೆ: ಹಸಿರು ಕಾಡಿನಲ್ಲಿ ನಡೆಯುತ್ತಿದ್ದೆ, ನೀಲಿಯ ಹೂವೊಂದನ್ನು ಕಂಡೆ, ಅದು ಬಾಡುವುದರಲ್ಲಿತ್ತು, ನೀರೆರೆಯಬಹುದೇ?

ಬಾವಿಯ ಬಳಿ ಈ ಪ್ರಶ್ನೆಗೆ ಉತ್ತರ ಬರುವವರೆಗೆ ಯಾರೂ ಕಾಯಲಿಲ್ಲವೆಂಬುದನ್ನು ಹೇಳಲೇಬೇಕು. ಇಲ್ಲಿನವರು ಪಲೋತ್ಸ್ ಎಂಬ ಜನಾಂಗದವರು. ಅವರ ಹೆಣ್ಣುಮಕ್ಕಳು ಒಂದರ ಮೇಲೊಂದು ಲಂಗ ತೊಟ್ಟು, ಸೊಂಟದ ಕೆಳಗೆ ಗಂಟೆಯಂತೆ ಅರಳಿ ನಿಂತಿದ್ದರು. ಕಪ್ಪು ವೇಸ್ಟ್‌ಕೋಟ್ ತೊಟ್ಟ ಇಬ್ಬರು ಯುವಕರು ಒಬ್ಬಳ ತೋಳು ಹಿಡಿದು ಎಳೆದು ತಂದರು, ಮೂರನೆಯವನು ಬಕೆಟ್ಟು ಎತ್ತಿದ. ಅವಳ ಚೀರಾಟ ನಟನೆಯಂತೆಯೇ ಇತ್ತು, ನೀರು ಬೆನ್ನಿಗೆ ಬೀಳುವವರೆಗೆ. ಅನಂತರದ ಕೂಗು ನಿಜವಾದದ್ದು. ಸ್ವಲ್ಪ ಹೊತ್ತಿನ ಮೇಲೆ ಒಂದು ಮನೆಯ ಹಿತ್ತಿಲಿನಲ್ಲಿ ಅದೇ ಹುಡುಗಿ ಹೊರಗಿನ ಲಂಗವನ್ನು ಹಿಂಡುತ್ತ, ನೀರಿಗೆ ಸತ್ತುಹೋದ ನೆರಿಗೆಗಳನ್ನು ಒಂದೊಂದಾಗಿ ಬೆರಳಿನಲ್ಲಿ ತೀಡಿ ಕೂರಿಸುತ್ತಿದ್ದುದನ್ನು ಕಂಡೆ. ಮತ್ತೊಂದು ಸುತ್ತು ಬಾಕಿ ಇತ್ತಂತೆ. ನಾನು ಕ್ಯಾಮೆರಾ ಕೆಳಗಿಳಿಸಿದೆ. ಆದ್ದರಿಂದ ಆ ದೃಶ್ಯ ಇಲ್ಲಿಲ್ಲ.

ಈ ಪರದೆಯ ಮೇಲಿರುವ ಕೈಗಳು ಒಬ್ಬ ಅಜ್ಜಿಯವು. ಅವರು ಕೋಳಿಮೊಟ್ಟೆಯ ಮೇಲೆ ಕರಗಿದ ಮೇಣದ ಗೆರೆ ಎಳೆಯುತ್ತಿದ್ದಾರೆ. ಕಡ್ಡಿಯ ತುದಿಗೆ ಸಿಕ್ಕಿಸಿದ ಸಣ್ಣ ಲೋಹದ ಕೊಳವೆ ಒಂದೇ ಕಡೆ ಇರುತ್ತದೆ, ತಿರುಗುವುದು ಮೊಟ್ಟೆ. ಬಳಿಕ ಅದನ್ನು ಬಣ್ಣದಲ್ಲಿ ಮುಳುಗಿಸಿ, ಬಿಸಿ ತೋರಿಸಿ ಮೇಣವನ್ನು ಒರೆಸಿದರೆ, ಮೇಣವಿದ್ದಲ್ಲೆಲ್ಲ ಬಿಳಿಯ ಗೆರೆಗಳು ಉಳಿಯುತ್ತವೆ. ಇದನ್ನು ಅವರು ಮೊಟ್ಟೆ ‘ಬರೆಯುವುದು’ ಎನ್ನುತ್ತಾರೆ. ನಾವೂ ಚಿತ್ರವನ್ನು ಬರೆಯುತ್ತೇವಾದ್ದರಿಂದ ಆ ಮಾತು ನನಗೆ ಹೊಸದೆನಿಸಲಿಲ್ಲ. ಸುತ್ತ ಹತ್ತಾರು ಮೊಬೈಲುಗಳು ಚಾಚಿಕೊಂಡಿದ್ದರೂ ಅಜ್ಜಿ ಒಮ್ಮೆಯೂ ತಲೆಯೆತ್ತಲಿಲ್ಲ. ಮುಗಿದ ಮೊಟ್ಟೆಗಳಲ್ಲಿ ಕೆಂಪಗಿನದೊಂದನ್ನು ಕೊಂಡು, ದುಪಟ್ಟಾದ ತುದಿಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡೆ. ಅಡುಗೆಮನೆಯ ಕಿಟಕಿಯಲ್ಲಿ ಅದಕ್ಕೊಂದು ಜಾಗವನ್ನೂ ಮನಸ್ಸಿನಲ್ಲಿಯೇ ಗೊತ್ತುಮಾಡಿದ್ದೆ.

ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಏಳೆಂಟು ವರ್ಷದ ಹುಡುಗನೊಬ್ಬ, ಹಿಂದಿನಿಂದ ತಾಯಿ ತಳ್ಳುತ್ತಿದ್ದಂತೆಯೇ, ನನ್ನೆದುರಿಗೆ ಬಂದು ನಿಂತ. ಕೈಯಲ್ಲೊಂದು ಹಸಿರು ಸೀಸೆ. ಪದ್ಯವನ್ನು ಒಂದೇ ಉಸಿರಿಗೆ ಒಪ್ಪಿಸಿ, ಕೊನೆಯ ಪ್ರಶ್ನೆಗೆ ಬಂದವನು ನಿಲ್ಲಿಸಿ, ನನ್ನ ಮುಖವನ್ನೇ ನೋಡುತ್ತ ಕಾದ. ನಾನು ‘ಇಗೆನ್’, ಹೌದು, ಎಂದೆ. ಮೂರು ಹನಿ ತಲೆಗೆ ಬಿತ್ತು, ನಾಲ್ಕನೆಯದು ಕನ್ನಡಕಕ್ಕೆ. ಅವನು ಆಮೇಲೂ ಕದಲದಿದ್ದುದನ್ನು ಕಂಡು, ಚೀಲ ತೆರೆದು ದುಪಟ್ಟಾದ ಗಂಟು ಬಿಚ್ಚಿದೆ.