ಮಾರದ ಮಾಲು ಮೊದಲ ಸಾಲಿಗೆ

ಕೇಳುಗ ಬಂಧುಗಳೇ, ನಮಸ್ಕಾರ.

ವಿಜಯಪುರದ ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವವರಿಗೆ ಗೊತ್ತು: ಹಣ್ಣು ಒಣಗಿಸಿ, ಪೆಟ್ಟಿಗೆ ತುಂಬಿ, ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಒಳ್ಳೆಯ ದರಕ್ಕಾಗಿ ಕಾಯುತ್ತಾರೆ. ಅಂಥ ಒಂದು ಕೋಲ್ಡ್ ಸ್ಟೋರೇಜಿಗೆ ವೆಬ್ ಆ್ಯಪ್ ಕಟ್ಟಲು ನೆರವಾಗುವ ಜ್ಯಾಂಗೊ ಎಂಬ ಸಾಫ್ಟ್‌ವೇರಿನಲ್ಲಿ ಲೆಕ್ಕದ ವೆಬ್ ಆ್ಯಪ್ ಬರೆದವಳು ನಾನು. ರೈತರು ಮೊಬೈಲಿನಲ್ಲಿ ನೋಡಿದರೆ ಅವರ ಲಾಟುಗಳ ಪಟ್ಟಿ ಬರಬೇಕು. ಇನ್ನೂ ಮಾರದಿರುವವು ಮೊದಲು, ಒಂದು ಪುಟಕ್ಕೆ 20.

ಆ್ಯಪ್ ಶುರುವಾದ ವಾರದಲ್ಲೇ ಹಿರಿಯ ರೈತರೊಬ್ಬರು ಫೋನ್ ಮಾಡಿದರು. "ಯವ್ವಾ, ನನ್ನ ಮಾಲು ಯಾರಿಗರ ಮಾರಿಬಿಟ್ರೇನು? ಪಟ್ಟಿಯಾಗ ಕಾಣವಲ್ದು!" ವರ್ಷದ ದುಡಿಮೆ ಆ ಪೆಟ್ಟಿಗೆಗಳಲ್ಲಿತ್ತು. ಮಾಲು ಭದ್ರವಾಗಿಯೇ ಇತ್ತು, ತಪ್ಪು ನನ್ನ ಕ್ವೆರಿಯದು, ಅಂದರೆ ಲೆಕ್ಕ ಕೂಡಿಟ್ಟ ಡೇಟಾಬೇಸಿಗೆ ನಾನು ಬರೆದ ಪ್ರಶ್ನೆಯದು.

ಮಾರದ ಲಾಟಿಗೆ ಮಾರಾಟದ ತಾರೀಖು ಇರುವುದಿಲ್ಲ, ಆ ಜಾಗ ಖಾಲಿ. ತಾರೀಖಿನ ಏರಿಕೆಯ ಕ್ರಮದಲ್ಲಿ ಜೋಡಿಸು ಎಂದರೆ ಎಸ್‌ಕ್ಯುಲೈಟ್ ಎಂಬ ಡೇಟಾಬೇಸ್ ಖಾಲಿ ಇರುವವನ್ನು ಮೊದಲಿಡುತ್ತದೆ, ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಕೊನೆಗೆ ತಳ್ಳುತ್ತದೆ. ಆ್ಯಪ್ ಓಡುತ್ತಿದ್ದುದು ಪೋಸ್ಟ್‌ಗ್ರೆಸ್ ಮೇಲೆ. ಕೋಡಿನ ಒಂದೊಂದು ತುಣುಕು ಸರಿಯಿದೆಯೇ ಎಂದು ನೋಡುವ ನನ್ನ ಯೂನಿಟ್ ಟೆಸ್ಟುಗಳು ಮಾತ್ರ ಬೇಗ ಮುಗಿಯಲೆಂದು ಎಸ್‌ಕ್ಯುಲೈಟಿನಲ್ಲಿ. ಟೆಸ್ಟೆಲ್ಲ ಪಾಸಾದವು, ರೈತರ ಪೆಟ್ಟಿಗೆಗಳು ಎರಡನೇ ಪುಟಕ್ಕೆ ಹೋದವು. ಖಾಲಿ ಇರುವವು ಮೊದಲು ಬರಲಿ ಎಂದು ಕ್ವೆರಿಯಲ್ಲೇ ಬಿಡಿಸಿ ಬರೆದೆ. ಅಂದಿನಿಂದ ಟೆಸ್ಟುಗಳನ್ನೂ ಪೋಸ್ಟ್‌ಗ್ರೆಸ್ ಮೇಲೆಯೇ ಓಡಿಸುತ್ತೇನೆ. ಹೊತ್ತು ಹೆಚ್ಚು ಹಿಡಿದರೂ ಕಾಯುತ್ತೇನೆ. ಹೆಸರು ಹುಡುಕುವಾಗ ಇಂಗ್ಲಿಷಿನ ದೊಡ್ಡ–ಸಣ್ಣ ಅಕ್ಷರಗಳ ವಿಷಯದಲ್ಲೂ ಈ ಎರಡು ಡೇಟಾಬೇಸುಗಳ ನಡೆ ಬೇರೆ ಬೇರೆ.

ಟೆಸ್ಟ್ ಮಾಡುವಾಗ ನಿಜವಾದ ಲೆಕ್ಕ ಅಳಿಸಿಹೋದೀತೆಂಬ ಅಂಜಿಕೆ ಬೇಡ. ಜ್ಯಾಂಗೊ ಇದಕ್ಕೆಂದೇ ಬೇರೆ ಡೇಟಾಬೇಸ್ ಕಟ್ಟುತ್ತದೆ. ಅದರ ಟೆಸ್ಟ್‌ಕೇಸ್ ಎಂಬ ಸೌಲಭ್ಯ ಒಂದೊಂದು ಟೆಸ್ಟನ್ನೂ ಟ್ರಾನ್ಸಾಕ್ಷನ್ನಿನೊಳಗೆ, ಅಂದರೆ ಬೇಡವಾದರೆ ಒಟ್ಟಿಗೇ ರದ್ದು ಮಾಡಬಹುದಾದ ಬದಲಾವಣೆಗಳ ಕಟ್ಟಿನೊಳಗೆ ನಡೆಸಿ, ಮುಗಿದ ಕೂಡಲೇ ರೋಲ್‌ಬ್ಯಾಕ್ ಮಾಡುತ್ತದೆ, ಎಲ್ಲವನ್ನೂ ಮೊದಲಿನಂತಾಗಿಸುತ್ತದೆ. ಒಂದು ಟೆಸ್ಟು ಹಾಕಿದ ಸಾಲು ಇನ್ನೊಂದಕ್ಕೆ ಕಾಣುವುದೇ ಇಲ್ಲ.

ಡೇಟಾಬೇಸೇ ಬೇಡ, ಅದರ ಬದಲು ಸಿದ್ಧ ಉತ್ತರ ಕೊಡುವ ಮಾಕ್ ಇಟ್ಟರಾಯಿತು ಎನ್ನುವವರಿದ್ದಾರೆ. ಕ್ವೆರಿಯ ವಿಷಯದಲ್ಲಿ ನಾನು ಇದನ್ನು ಒಪ್ಪುವುದಿಲ್ಲ. ಉತ್ತರ ನಾವೇ ಬರೆದಿಟ್ಟ ಮೇಲೆ ಕ್ವೆರಿ ಸರಿಯೋ ತಪ್ಪೋ ತಿಳಿಯುವುದು ಹೇಗೆ?

ಹೊಸದಾಗಿ ಕಲಿಯುವ ಹುಡುಗ ಹುಡುಗಿಯರಿಗೆ ಇನ್ನೊಂದು ಮಾತು ಒತ್ತಿ ಹೇಳುತ್ತೇನೆ. ಪಟ್ಟಿಯಲ್ಲಿ ಬರಬಾರದ ಸಾಲನ್ನೂ ಟೆಸ್ಟಿಗೆ ಹಾಕಿ. ಒಬ್ಬರೇ ರೈತರ ಲಾಟುಗಳನ್ನು ಹಾಕಿದರೆ, "ಈ ರೈತರದು ಮಾತ್ರ" ಎಂಬ ಫಿಲ್ಟರ್ ಬರೆಯಲು ಮರೆತರೂ ಟೆಸ್ಟು ಪಾಸಾಗುತ್ತದೆ. ಪಕ್ಕದ ಹೊಲದವರ ಒಂದು ಲಾಟು ಸೇರಿಸಿ, ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ.

ಆ ಫೋನ್ ಬಂದ ರಾತ್ರಿ ಬರೆದ ಟೆಸ್ಟು ಈಗಲೂ ಇದೆ. ಅದರಲ್ಲಿ ಒಬ್ಬ ರೈತರ 25 ಲಾಟುಗಳು, ನೆರೆಯವರದೊಂದು. ಆ 25ರಲ್ಲಿ 24 ಮಾರಾಟವಾಗಿವೆ. ಮಾರದೆ ಉಳಿದ ಒಂದು ಮೊದಲ ಪುಟದ ಮೊದಲ ಸಾಲಿನಲ್ಲಿ ಬರಬೇಕು. ಬರದಿದ್ದರೆ ಆ್ಯಪಿನ ಹೊಸ ಆವೃತ್ತಿ ನನ್ನ ಮೇಜು ಬಿಟ್ಟು ಹೊರಗೆ ಹೋಗುವುದಿಲ್ಲ.

ನಮಸ್ಕಾರ.